ತಂಗಿ ಬರೆದ ಹನ್ನೊಂದು ಕಾರ್ಡು

ಇಂಗ್ಲಿಷಿನ ಉದ್ದುದ್ದ ಪದಗಳೆಲ್ಲ ಸಾಧು ಪ್ರಾಣಿಗಳು. ಒಂದೋ ಎರಡೋ ಅರ್ಥ ಬರೆದು ಕೈತೊಳೆದುಕೊಳ್ಳಬಹುದು. ಕಾಡುವುದು ಗಿಡ್ಡ ಪದಗಳೇ. ದಿನಕ್ಕೆ ನೂರು ಸಲ ಎಲ್ಲರ ಬಾಯಲ್ಲೂ ಹೊರಳಾಡುವ ಅಂಥ ಒಂದೊಂದು ಪದದ ಬೆನ್ನಿಗೂ ಐವತ್ತು ಅರವತ್ತು ಅರ್ಥಗಳು ಜೋತುಬಿದ್ದಿರುತ್ತವೆ. ಹೀಗಾಗಿ ಆ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಗಿಡ್ಡ ಪದಗಳನ್ನು ಸಿಕ್ಕಸಿಕ್ಕವರ ಕೈಗೆ ಕೊಡುತ್ತಿರಲಿಲ್ಲ. ಔಷಧಿಗಳ ಹೆಸರು, ಹಕ್ಕಿಗಳ ಹೆಸರು, ಹಡಗಿನ ಭಾಗಗಳ ಹೆಸರು ಎಂದು ಹತ್ತೊಂಬತ್ತು ವರ್ಷ ಮೂಲೆಯ ಮೇಜಿನಲ್ಲಿ ಸವೆದ ಮೇಲೆ ಅಕ್ಕನಿಗೆ ಒಂದು ಗಿಡ್ಡ ಪದ ಸಿಕ್ಕಿತು. ಆ ಪದ ‘ಬ್ರೇಕ್’.

ಸಂಪಾದಕರು ಖಾಲಿ ಕಾರ್ಡುಗಳ ಕಟ್ಟನ್ನು ಅವಳ ಮೇಜಿನ ಮೇಲಿಟ್ಟು, “ಇದು ನಿಮ್ಮದು. ಅವಸರ ಬೇಡ” ಎಂದಾಗ ಅವಳು ಸುಮ್ಮನೆ ತಲೆಯಾಡಿಸಿದಳು. ಆಮೇಲೆ ನೀರು ಕುಡಿಯುವ ನೆಪದಲ್ಲಿ ಎದ್ದುಹೋಗಿ, ಮೆಟ್ಟಿಲ ಬಳಿ ಗೋಡೆಗೆ ಒರಗಿ ಒಬ್ಬಳೇ ನಕ್ಕು ಬಂದಳು.

ಮನೆಯಲ್ಲಿ ಈ ಸಂಭ್ರಮ ಯಾರಿಗೂ ನಾಟಲಿಲ್ಲ. ಯಾರಿಗೂ ಅಂದರೆ, ಇದ್ದವನು ಗಂಡ ಒಬ್ಬನೇ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

“ಬ್ರೇಕಾ? ನನ್ನ ಕೇಳಿದ್ರೆ ಸಾಕಿತ್ತಲ್ಲ. ಇಪ್ಪತ್ತೈದು ವರ್ಷದಿಂದ ಅದೇ ರಿಪೇರಿ ಮಾಡ್ತಿದ್ದೀನಿ.”

“ಅದು ನಿಲ್ಲಿಸೋ ಬ್ರೇಕು ರೀ. ಅದರ ಸ್ಪೆಲಿಂಗೇ ಬೇರೆ. ನಂದು ಮುರಿಯೋ ಬ್ರೇಕು.”

“ಮುರಿಯೋದಕ್ಕೇನು ಅಷ್ಟೊಂದು ಓದಬೇಕು?”

ಅವನಿಗೆ ಹೇಗೆ ಹೇಳುವುದು? ಇಂಗ್ಲಿಷಿನವರಿಗೆ ಎಲ್ಲವೂ ಬ್ರೇಕೇ. ಕನ್ನಡದಲ್ಲಿ ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಹಗ್ಗ ಹರಿಯುತ್ತದೆ, ಯಂತ್ರ ಕೆಡುತ್ತದೆ. ಕೊಟ್ಟ ಮಾತಿಗೆ ತಪ್ಪುತ್ತಾರೆ, ಕಾನೂನು ಮೀರುತ್ತಾರೆ, ಕುದುರೆಯನ್ನು ಪಳಗಿಸುತ್ತಾರೆ. ಹುಡುಗರ ಗಂಟಲು ಒಡೆಯುತ್ತದೆ, ಬೆಳಗು ಹರಿಯುತ್ತದೆ. ಒಂದು ಇಂಗ್ಲಿಷ್ ಪದದ ಬಾಗಿಲು ತಟ್ಟಿದರೆ ಕನ್ನಡದ ಒಂದು ಬೀದಿಯೇ ಎದ್ದು ಬರುತ್ತಿತ್ತು. ಎಂಟು ತಿಂಗಳು ಅವಳು ಆ ಬೀದಿಯಲ್ಲೇ ಬಾಳಿದಳು. ಬಸ್ಸಿನಲ್ಲಿ ಕೂತಾಗ, ಪಾತ್ರೆ ತಿಕ್ಕುವಾಗ, ಪಕ್ಕದ ಮನೆಯವರು ಜಗಳವಾಡುವಾಗ ಅವಳ ಕಿವಿ ಅತ್ತಲೇ. ಅರವತ್ತಮೂರು ಅರ್ಥ ಕೂಡಿಬಂದವು. ಇನ್ನು ಯಾರು ಹುಡುಕಿದರೂ ಒಂದು ಅರ್ಥವೂ ಹೆಚ್ಚಿಗೆ ಸಿಗಲಾರದು ಎಂದು ಅವಳು ಒಳಗೊಳಗೇ ನಂಬಿದ್ದಳು.

ಆಗಲೇ ಅವಳ ತಂಗಿ ಆ ಕಚೇರಿಗೆ ಬಂದದ್ದು.

ತಂಗಿಯದು ಹೊಲಿಗೆ ಅಂಗಡಿ. ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ್ದರಿಂದ ಹೊಲಿಗೆ ಯಂತ್ರ ಮನೆಯ ಕಿಟಕಿ ಪಕ್ಕಕ್ಕೆ ಬಂದಿತ್ತು. ಗಿರಾಕಿಗಳು ಮಾತ್ರ ಅದರ ಹಿಂದೆ ಬರಲಿಲ್ಲ. ಗಂಡ ದೂರದ ಊರಿನಲ್ಲಿ ಲಾರಿ ಓಡಿಸುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. “ನಿಮ್ಮ ಆಫೀಸಿನಲ್ಲಿ ನನಗೇನಾದ್ರೂ ಇದ್ರೆ ನೋಡೇ. ಕಸ ಗುಡಿಸೋದಾದ್ರೂ ಸರಿ” ಎಂದು ತಂಗಿ ಫೋನಿನಲ್ಲಿ ನಕ್ಕುಕೊಂಡೇ ಕೇಳಿದಳು. ಅಳು ಬಂದಾಗ ನಗುವುದು ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ.

ಅಕ್ಕ ಮನಸ್ಸಿಟ್ಟೇ ಓಡಾಡಿದಳು. ತಂಗಿಯ ಕೈಬರಹ ಮುತ್ತು ಪೋಣಿಸಿದಂತಿತ್ತು. ಅಚ್ಚಿಗೆ ಹೋಗುವ ಕಾರ್ಡುಗಳನ್ನು ಚೆಂದವಾಗಿ ನಕಲು ಮಾಡಲು ಒಬ್ಬರು ಬೇಕಾಗಿದ್ದರು. ಸಂಪಾದಕರಿಗೆ ಹೇಳಿ ಕೆಲಸ ಕೊಡಿಸಿದಳು. ಕೊಡಿಸುವಾಗ ಒಂದು ಸಣ್ಣ ಸುಖವೂ ಇತ್ತು ಎನ್ನುವುದನ್ನು ಅವಳು ಆಮೇಲೆ ಒಪ್ಪಿಕೊಳ್ಳಬೇಕಾಯಿತು. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ್ದು ತಂಗಿಯನ್ನು. ಬಂದ ನೆಂಟರು ಕೆನ್ನೆ ಹಿಂಡಿದ್ದು ತಂಗಿಯದು. ಪರೀಕ್ಷೆಯಲ್ಲಿ ಮೊದಲು ಬಂದವಳು ಅಕ್ಕನಾದರೂ, ಊಟಕ್ಕೆ ಕೂತಾಗ ಎಲ್ಲರನ್ನೂ ನಗಿಸಿದವಳು ಫೇಲಾದ ತಂಗಿ. ಈಗ ಅದೇ ತಂಗಿ ಎದುರು ಮೇಜಿನಲ್ಲಿ ಕೂತು ತಾನು ಬರೆದದ್ದನ್ನು ಅಕ್ಷರ ಬಿಡದೆ ನಕಲು ಮಾಡುತ್ತಾಳೆ. ಜಗತ್ತು ತಡವಾಗಿಯಾದರೂ ಸರಿಯಾದ ಕ್ರಮದಲ್ಲಿ ನಿಂತಿತೆಂದು ಅಕ್ಕನಿಗೆ ಅನ್ನಿಸಿತು.

ಆ ಕ್ರಮ ಹನ್ನೆರಡು ದಿನ ನಿಂತಿತು.

ಹದಿಮೂರನೆಯ ದಿನ ಮಧ್ಯಾಹ್ನ ತಂಗಿ ಪೆನ್ನು ಕೆಳಗಿಟ್ಟು, “ಅಕ್ಕಾ, ಜ್ವರದ್ದು ‘ಇಳಿ’ ಅಂತ ಬರ್ದಿದ್ದೀಯಲ್ಲ. ಅದು ಸರಿನಾ?” ಎಂದಳು.

“ಯಾಕೆ, ಜ್ವರ ಇಳಿಯಲ್ವಾ?”

“ಇಳಿಯುತ್ತೆ. ಆದ್ರೆ ಇಳಿಯೋದು ಬೇರೆ, ಬಿಡೋದು ಬೇರೆ. ಇಳಿದ ಜ್ವರ ಸಾಯಂಕಾಲ ಮತ್ತೆ ಏರುತ್ತೆ. ಮೈಯೆಲ್ಲ ಬೆವೆತು, ಹೊದಿಕೆ ಒದ್ದೆಯಾಗಿ, ಮಗು ‘ಹಸಿವು’ ಅನ್ನುತ್ತಲ್ಲ, ಅದು ಬಿಟ್ಟಿದ್ದು. ಈ ಇಂಗ್ಲಿಷಿನ ವಾಕ್ಯದಲ್ಲೂ ಬೆವರೇ ಇದೆ ನೋಡು.”

ಅಕ್ಕ ಉತ್ತರ ಹುಡುಕುವಷ್ಟರಲ್ಲಿ ಹಿಂದಿನಿಂದ “ಆಹಾ!” ಎನ್ನುವ ಧ್ವನಿ ಕೇಳಿಸಿತು. ಸಂಪಾದಕರು ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯ ಪದ ಕಿವಿಗೆ ಬಿದ್ದರೆ ಸಿಹಿ ತಿಂದವರ ಹಾಗೆ ಕಣ್ಣುಮುಚ್ಚುವ ಮನುಷ್ಯ ಅವರು. ಈಗಲೂ ಕಣ್ಣು ಮುಚ್ಚಿದ್ದರು. “ಜ್ವರ ಬಿಟ್ಟಿತು. ಬಿಟ್ಟಿತು! ಇಷ್ಟು ದಿನ ನಾವೆಲ್ಲ ಎಲ್ಲಿ ಹೋಗಿದ್ವಿ? ಅದನ್ನ ಒಂದು ಕಾರ್ಡಿನಲ್ಲಿ ನೀವೇ ಬರೀರಿ.”

ಹತ್ತೊಂಬತ್ತು ವರ್ಷದಲ್ಲಿ ಅಕ್ಕನ ಕಾರ್ಡುಗಳನ್ನು ನೋಡಿ ಅವರು “ಸರಿ” ಎಂದಿದ್ದರು, “ಚೆನ್ನಾಗಿದೆ” ಎಂದಿದ್ದರು. ಕಣ್ಣು ಮುಚ್ಚಿದ್ದು ಅವಳಿಗೆ ನೆನಪಿರಲಿಲ್ಲ.

ಅಲ್ಲಿಂದ ತಂಗಿಗೆ ರೆಕ್ಕೆ ಬಂತು. ಊಟದ ಬಿಡುವಿನಲ್ಲಿ ಒಂದು ಪುಟ್ಟ ಪುಸ್ತಕ ಹಿಡಿದು ಬೀದಿಗೆ ಇಳಿಯುತ್ತಿದ್ದಳು. ಕೆಳಗಿನ ಚಪ್ಪಲಿ ಅಂಗಡಿಯವನನ್ನು ಮಾತಾಡಿಸಿ ಬಂದು, ಹೊಸ ಬೂಟನ್ನು ‘ಬ್ರೇಕ್ ಇನ್’ ಮಾಡುವುದಕ್ಕೆ ‘ಕಾಲಿಗೆ ಒಗ್ಗಿಸು’ ಎಂದು ಬರೆದಳು. ಅದೇ ಜಾಗದಲ್ಲಿ ಅಕ್ಕ ಬರೆದಿದ್ದದ್ದು, ‘ಪಾದರಕ್ಷೆಯನ್ನು ಬಳಕೆಯಿಂದ ಮೃದುಗೊಳಿಸು’. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಹತ್ತಿರ ಅರ್ಧ ಗಂಟೆ ಹರಟಿ ಬಂದು, ಕೆಟ್ಟ ಸುದ್ದಿಯನ್ನು ‘ಬ್ರೇಕ್’ ಮಾಡುವುದಕ್ಕೆ ‘ಮೆಲ್ಲಗೆ ಕಿವಿಗೆ ಹಾಕು’ ಎಂದು ಬರೆದಳು. ಅಕ್ಕನದು, ‘ಅಶುಭ ವಾರ್ತೆಯನ್ನು ಪ್ರಥಮತಃ ತಿಳಿಸು’. ಸಂಪಾದಕರು ಎರಡು ಕಾರ್ಡುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಅಕ್ಕನಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

‘ಗಿವ್ ಮಿ ಎ ಬ್ರೇಕ್’ ಎನ್ನುವ ನುಡಿಗೆ ಅಕ್ಕ ‘ನನ್ನನ್ನು ಪೀಡಿಸದಿರು’ ಎಂದಿದ್ದಳು. ತಂಗಿ ಓದಿ, “ಹೀಗೆ ಯಾರು ಮಾತಾಡ್ತಾರೇ? ನಾಟಕದ ರಾಜನಾ? ‘ಸಾಕು ಬಿಡಪ್ಪಾ!’ ಅಂತ ಹಾಕು” ಎಂದಳು. ಇಡೀ ಕೋಣೆ ನಕ್ಕಿತು. ಅಕ್ಕನೂ ನಕ್ಕಳು. ನಕ್ಕ ಬಾಯಿ ಮುಚ್ಚಿದ ಮೇಲೆ ಹಲ್ಲುಗಳು ಬಹಳ ಹೊತ್ತು ಕಚ್ಚಿಕೊಂಡೇ ಇದ್ದವು.

ಹೊಟ್ಟೆಕಿಚ್ಚು ಎನ್ನುವ ಪದಕ್ಕೆ ಅರ್ಥ ಬರೆಯುವುದು ಸುಲಭ. ಆದರೆ ಅದು ಹೊಟ್ಟೆಯಲ್ಲಿ ಮಾತ್ರ ಇರುವುದಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ತಂಗಿಯ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಕಿವಿಯಲ್ಲಿ ಇರುತ್ತಿತ್ತು. ಸಂಪಾದಕರು “ನಿಮ್ಮ ತಂಗಿ ಎಲ್ಲಿ?” ಎಂದರೆ ಗಂಟಲಲ್ಲಿ. ಮನೆಗೆ ಹೋದರೆ ಗಂಡ, “ಏನಂತಾಳೆ ನಮ್ಮ ನಾದಿನಿ? ಇವತ್ತೇನು ಕಂಡುಹಿಡಿದ್ಲು?” ಎಂದು ಕೇಳುತ್ತಿದ್ದ. ಎಂಟು ತಿಂಗಳಲ್ಲಿ ಒಂದು ದಿನವಾದರೂ “ನೀನೇನು ಕಂಡುಹಿಡಿದೆ?” ಎಂದು ಕೇಳಿದ್ದನೇ?

“ಅವಳನ್ನೇ ಕೇಳಿ. ಫೋನ್ ಇದೆಯಲ್ಲ” ಎಂದು ತಟ್ಟೆಯನ್ನು ಕುಕ್ಕಿದಳು.

ಅವನು ತಟ್ಟೆ ನೋಡಿದ, ಅವಳ ಮುಖ ನೋಡಿದ, ತೆಪ್ಪಗೆ ತಿಂದ.

ಕಾರ್ಡುಗಳನ್ನು ಅಚ್ಚಿಗೆ ಕಳಿಸಲು ನಾಲ್ಕು ದಿನವಿದ್ದಾಗ ತಂಗಿ ಹನ್ನೊಂದನೆಯ ಕಾರ್ಡು ಬರೆದಳು. ಹೆರಿಗೆಯ ಹೊತ್ತಿನಲ್ಲಿ ನೀರು ‘ಬ್ರೇಕ್’ ಆಗುವ ಅರ್ಥ. ‘ನೀರು ಹೋಗು, ನೀರೊಡೆ’ ಎಂದು ಬರೆದು, ಕೆಳಗೆ ಒಂದು ವಾಕ್ಯ ಕೊಟ್ಟಿದ್ದಳು: ‘ತರಕಾರಿ ತೂಗಿಸುತ್ತ ನಿಂತಿದ್ದಾಗಲೇ ಅವಳಿಗೆ ನೀರು ಹೋಯಿತು.’

“ಇದು ಕಟ್ಟಿದ ವಾಕ್ಯ ಅಲ್ಲ. ನಂದೇ ಕಥೆ” ಎಂದಳು ತಂಗಿ. “ದೊಡ್ಡವಳ ಸಲ. ತಕ್ಕಡಿ ಬಿಟ್ಟು ಆ ಅಂಗಡಿಯವನು ಓಡಿದ್ದು ನೋಡಬೇಕಿತ್ತು!”

ಲೆಕ್ಕಪತ್ರದ ವಿಭಾಗದವಳು ತನ್ನ ಹೆರಿಗೆಯ ಕಥೆ ಶುರುಮಾಡಿದಳು. ಗ್ರಂಥಪಾಲಕಿ ತನ್ನ ಮೂರನೆಯದನ್ನು ಹೇಳಿದಳು. ಕುರ್ಚಿಗಳು ಹತ್ತಿರವಾದವು. ಒಬ್ಬರ ಮಾತಿಗೆ ಇನ್ನೊಬ್ಬರು “ಹೌದೇ, ನನಗೂ ಹಾಗೇ” ಎನ್ನುವುದು, ಬಾಯಿಗೆ ಕೈ ಅಡ್ಡವಿಟ್ಟು ನಗುವುದು ಅರ್ಧ ಗಂಟೆ ನಡೆಯಿತು. ಅಕ್ಕ ತನ್ನ ಮೇಜಿನಲ್ಲಿ ಪೆನ್ಸಿಲ್ ಕೆತ್ತುತ್ತ ಕೂತಳು. ಅವಳಿಗೆ ಮಕ್ಕಳಾಗಿರಲಿಲ್ಲ. ಅದು ಹಳೆಯ ವಿಷಯ. ಅತ್ತು, ಡಾಕ್ಟರುಗಳ ಬಾಗಿಲು ಸುತ್ತಿ, ಸುಮ್ಮನಾಗಿ, ಮೇಲೆ ಇಷ್ಟು ವರ್ಷದ ಧೂಳು ಕೂತ ವಿಷಯ. ಆ ಧೂಳನ್ನು ಅವತ್ತು ಯಾರೂ ಬೇಕೆಂದು ಕೆದಕಲಿಲ್ಲ. ಆದರೆ ಅರವತ್ತಮೂರು ಅರ್ಥ ಕೂಡಿಸಿದವಳ ಕಣ್ಣಿಗೆ ಈ ಒಂದು ಅರ್ಥ ಏಕೆ ಬೀಳಲಿಲ್ಲ ಎನ್ನುವುದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ ಎಂದು ಅವಳಿಗೆ ಅನ್ನಿಸಿತು. ಪೆನ್ಸಿಲ್ ಬೆರಳುದ್ದಕ್ಕೆ ಇಳಿದಿತ್ತು.

ಪದದ ಜವಾಬ್ದಾರಿ ಹೊತ್ತವರೇ ಕೊನೆಯಲ್ಲಿ ಎಲ್ಲ ಕಾರ್ಡುಗಳನ್ನೂ ನೋಡಿ, ಸಹಿ ಹಾಕಿ, ದಾರ ಕಟ್ಟಿ ಅಚ್ಚುಮನೆಗೆ ಕಳಿಸಬೇಕು ಎನ್ನುವುದು ಅಲ್ಲಿಯ ಪದ್ಧತಿ. ನಾಲ್ಕನೆಯ ದಿನ ಅಕ್ಕ ಕಟ್ಟನ್ನು ಬಿಚ್ಚಿ ಒಂದೊಂದೇ ಕಾರ್ಡು ತಿರುವಿದಳು. ಎಲ್ಲವೂ ತಂಗಿಯ ಕೈಬರಹದಲ್ಲೇ ಇದ್ದವು. ಯಾವುದು ಯಾರದೆಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಅವಳಿಗೆ ತಿಳಿಯುತ್ತಿತ್ತು. ಒಂದನ್ನು ತೆಗೆದು ಪಕ್ಕಕ್ಕಿಟ್ಟಳು. ‘ನೀರು ಹೋಗು’. ಇದೊಂದು ಎಂದುಕೊಂಡಳು. ಆಮೇಲೆ ‘ಜ್ವರ ಬಿಡು’. ಆಮೇಲೆ ಕೈ ತಾನಾಗಿಯೇ ಹುಡುಕತೊಡಗಿತು. ಹನ್ನೊಂದೂ ಅವಳ ಕೈಚೀಲ ಸೇರಿದವು. ಉಳಿದವನ್ನು ಬಿಗಿಯಾಗಿ ಕಟ್ಟಿ, ಸಹಿ ಹಾಕಿ ಕಳಿಸಿದಳು.

ಮನೆಯಲ್ಲಿ ಅವನ್ನು ಹರಿದುಹಾಕಲು ಮನಸ್ಸು ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಕಾರ್ಡನ್ನೂ ಹರಿದವಳಲ್ಲ ಅವಳು. ಗ್ಯಾರಂಟಿ ಚೀಟಿಗಳು, ಹಳೆಯ ಕೀಲಿಗಳು ಇರುವ ತಗಡಿನ ಡಬ್ಬಿಯ ತಳಕ್ಕೆ ತುರುಕಿ ಮುಚ್ಚಿದಳು.

ಮೂರು ವಾರದ ಮೇಲೆ ಕರಡು ಪುಟಗಳು ಬಂದವು. ತಂಗಿ ಎಲ್ಲರಿಗಿಂತ ಮೊದಲು ಹೋಗಿ ಎತ್ತಿಕೊಂಡಳು. ನಿಂತೇ ಓದಿದಳು. ಆಮೇಲೆ ಕೂತು ಇನ್ನೊಂದು ಸಲ ಓದಿದಳು. ಅಕ್ಕ ತಲೆ ಎತ್ತಲಿಲ್ಲ.

“ಅಕ್ಕಾ, ನಂದು ಒಂದೂ ಇಲ್ಲ.”

“ಹೌದಾ?”

“ಒಂದೂ ಇಲ್ಲ ಕಣೇ. ಅವರಿಗೆ ಹಿಡಿಸಲಿಲ್ಲ ಅಂತ ಕಾಣುತ್ತೆ. ಮುಖದೆದುರು ಹೇಳೋಕೆ ಸಂಕೋಚ ಆಗಿರಬೇಕು.”

ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಕ್ಕ, “ದೊಡ್ಡವರ ಮನಸ್ಸು ಯಾರಿಗೆ ಗೊತ್ತಾಗುತ್ತೆ” ಎಂದು ಪುಟ ತಿರುವಿದಳು.

ತಂಗಿ ನಕ್ಕಳು. “ಅಲ್ವಾ ಮತ್ತೆ? ಹೊಲಿಗೆಯವಳು ಹೋಗಿ ನಿಘಂಟು ಬರೀತೀನಿ ಅಂದ್ರೆ!”

ಎರಡು ದಿನದ ಮೇಲೆ ಸಂಪಾದಕರು ಅಕ್ಕನನ್ನು ತಮ್ಮ ಕೋಣೆಗೆ ಕರೆದರು. “ನಿಮ್ಮ ತಂಗಿ ಆ ಕಾರ್ಡುಗಳನ್ನ ಯಾಕೆ ವಾಪಸ್ ತಗೊಂಡ್ರು? ನನಗೆ ಬಹಳ ಬೇಜಾರಾಯ್ತು.”

ಇವರು ಹಾಗೆಂದುಕೊಂಡಿದ್ದಾರೆ, ಅವಳು ಹೀಗೆಂದುಕೊಂಡಿದ್ದಾಳೆ. ನಡುವೆ ನಿಂತವಳು ತಾನೊಬ್ಬಳೇ. “ಅವಳಿಗೆ ಧೈರ್ಯ ಸಾಲಲಿಲ್ಲ ಅನ್ಸುತ್ತೆ ಸಾರ್. ಹೆಚ್ಚು ಓದಿದವಳಲ್ಲ ನೋಡಿ” ಎಂದಳು. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ಬೆರಗಾಯಿತು.

“ಪಾಪ. ಬಲವಂತ ಮಾಡೋದು ಬೇಡ ಬಿಡಿ” ಎಂದರು ಅವರು.

ಆಮೇಲೆ ತಂಗಿ ಬೀದಿಗೆ ಇಳಿಯಲಿಲ್ಲ. ಪುಟ್ಟ ಪುಸ್ತಕ ಕಾಣಿಸಲಿಲ್ಲ. ಕೊಟ್ಟದ್ದನ್ನು ನಕಲು ಮಾಡಿ, ಐದು ಗಂಟೆಗೆ ಪೆನ್ನು ಮುಚ್ಚಿ ಹೊರಡುತ್ತಿದ್ದಳು. ಒಮ್ಮೆ ಅಕ್ಕನ ಕಾರ್ಡಿನಲ್ಲಿ ಎದ್ದು ಕಾಣುವ ತಪ್ಪಿತ್ತು. ತಂಗಿ ಅದನ್ನೂ ಹಾಗೆಯೇ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಟ್ಟಿದ್ದಳು. ಅಕ್ಕ ಬಯಸಿದ್ದು ಇದನ್ನೇ. ಸಿಕ್ಕ ಮೇಲೆ ಅದರಲ್ಲಿ ರುಚಿಯಿರಲಿಲ್ಲ. ಹಾಗೆಂದು ಒಳಗಿನ ಕಿಚ್ಚು ಆರಿತ್ತೇ? ಅದೂ ಇಲ್ಲ. ತಂಗಿ ಇಷ್ಟು ಬೇಗ ಕೈಚೆಲ್ಲಿ ಕೂತಳಲ್ಲ ಎಂದು ಅದಕ್ಕೂ ಸಿಟ್ಟು ಬರುತ್ತಿತ್ತು. ತಾನಾಗಿದ್ದರೆ ಹೋಗಿ ಕೇಳುತ್ತಿದ್ದೆ ಎನ್ನಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ಗಂಡ ಗ್ಯಾರಂಟಿ ಚೀಟಿ ಹುಡುಕಲು ತಗಡಿನ ಡಬ್ಬಿಯನ್ನು ನೆಲದ ಮೇಲೆ ಸುರುವಿಕೊಂಡು ಕೂತ. ಅಕ್ಕ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನ ನಗು ಕೇಳಿಸಿತು. ಹೊಟ್ಟೆಯೊಳಗಿಂದ ಬರುವ ನಗು.

“ಇಲ್ಲಿ ಬಾರೇ, ಬಾ. ‘ಸಾಕು ಬಿಡಪ್ಪಾ!’ ಅಂತೆ. ಸರಿಯಾಗಿದೆ!” ಅವನ ಕೈಯಲ್ಲಿ ಕಾರ್ಡುಗಳು ಬೀಸಣಿಗೆಯಂತೆ ಹರಡಿದ್ದವು. “ಇವನ್ನೆಲ್ಲ ಯಾಕೆ ಡಬ್ಬಿಯಲ್ಲಿಟ್ಟಿದ್ದೀಯ? ‘ಮೆಲ್ಲಗೆ ಕಿವಿಗೆ ಹಾಕು.’ ಅಪ್ಪ ಹೋದ ದಿನ ಡಿಪೋ ಮ್ಯಾನೇಜರು ನನಗೆ ಹೀಗೇ ಹೇಳಿದ್ದು, ಹೆಗಲ ಮೇಲೆ ಕೈಯಿಟ್ಟು. ‘ಕಾಲಿಗೆ ಒಗ್ಗಿಸು.’ ನೋಡು, ನಿನ್ನ ಕೆಲಸ ಏನು ಅಂತ ನನಗೆ ಇಷ್ಟು ದಿನ ತಲೆಗೇ ಹೋಗಿರಲಿಲ್ಲ. ಇವತ್ತು ಗೊತ್ತಾಯ್ತು. ಎಷ್ಟು ಚೆನ್ನಾಗಿ ಬರ್ದಿದ್ದೀಯ!”

ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅದು... ಅಕ್ಷರ ನೋಡಿ. ನಂದಲ್ಲ.”

“ಅಕ್ಷರ ಅವಳದ್ದು, ಗೊತ್ತು. ನೀನು ಬರೆದಿದ್ದನ್ನ ಅವಳು ನಕಲು ಮಾಡ್ತಾಳಲ್ಲ.” ಅವನು ಇನ್ನೊಂದು ಕಾರ್ಡು ಎತ್ತಿಕೊಂಡ. ತರಕಾರಿ ತೂಗಿಸುತ್ತ ನಿಂತವಳ ಕಾರ್ಡು. ಓದಿದ, ನಗಲಿಲ್ಲ. ದನಿ ತಗ್ಗಿಸಿ, “ಇದನ್ನೂ ಬರೆದೆಯಾ? ಗಟ್ಟಿಗಿತ್ತಿ ನೀನು” ಎಂದ.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಸುಮ್ಮನಿದ್ದುಬಿಟ್ಟರೆ ಆ ಹೊಗಳಿಕೆ ಅವಳದಾಗಿ ಉಳಿಯುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಎಷ್ಟು ಹೊತ್ತು ನಿಂತಳೋ, ನೆಲದ ಮೇಲೆ ಅವಳ ಕಾಲ ಸುತ್ತ ನೀರು ಮಡುಗಟ್ಟಿತು.

“ಮಾತೂ ಅವಳದೇ” ಎಂದಳು. “ಹನ್ನೊಂದೂ ಅವಳದೇ. ಅಚ್ಚಿಗೆ ಹೋಗಬಾರದು ಅಂತ ನಾನು ತೆಗೆದಿಟ್ಟೆ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾರ್ಡುಗಳನ್ನು ಒಟ್ಟುಮಾಡಿ, ಅಂಚು ಸಮ ಮಾಡಿ, ಕುರ್ಚಿಯ ಮೇಲಿಟ್ಟ. ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

“ಯಾವಾಗ ಅಚ್ಚಾಗುತ್ತೆ?”

“ಈ ವಾರ.”

“ಹಾಗಾದ್ರೆ ನಾಳೆ ಬೆಳಿಗ್ಗೆ ಡಿಪೋಗೆ ಹೋಗ್ತಾ ನಿನ್ನನ್ನ ಆಫೀಸಿನ ಹತ್ರ ಇಳಿಸ್ತೀನಿ. ಬಸ್ಸಿಗೆ ಕಾಯಬೇಡ” ಎಂದ. ಮತ್ತೆ ಚೀಟಿ ಹುಡುಕತೊಡಗಿದ.

ಸೋಮವಾರ ಬೆಳಿಗ್ಗೆ ಅವಳು ಸಂಪಾದಕರ ಎದುರು ಕಾರ್ಡುಗಳನ್ನಿಟ್ಟು, ನಡೆದದ್ದನ್ನು ನಡೆದಂತೆ ಹೇಳಿದಳು. ತಾನು ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಯಾರ್ಯಾರಿಗೆ ಗೊತ್ತು?”

“ನಮ್ಮ ಮನೆಯವರಿಗೆ. ಈಗ ನಿಮಗೆ.”

“ತಂಗಿಗೆ?”

“ಇನ್ನೂ ಇಲ್ಲ.”

“ಮೊದಲು ಅಲ್ಲಿಗೆ ಹೋಗಬೇಕಿತ್ತು ನೀವು.” ಕಾರ್ಡುಗಳನ್ನು ಅವಳ ಕಡೆಗೆ ತಳ್ಳಿ, “ಇರಲಿ. ಈಗ ಅಚ್ಚುಮನೆಗೆ ಓಡಿ. ಇವತ್ತು ತಪ್ಪಿದ್ರೆ ಆಗಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಬಾಗಿಲು ದಾಟುವವರೆಗೆ ಅವರು ಅವಳ ಮುಖ ನೋಡಲೂ ಇಲ್ಲ.

ಅಚ್ಚುಮನೆಯ ಮೇಲ್ವಿಚಾರಕಿ ದಪ್ಪ ದನಿಯ ಹೆಂಗಸು. ಯಂತ್ರಗಳ ಗದ್ದಲದ ಮೇಲೆ ಮಾತಾಡಿ ಮಾತಾಡಿ ಅವಳ ಪಿಸುಮಾತೂ ಕೂಗಿನಂತಿತ್ತು. “ಪುಟ ಕಟ್ಟಿ ಆಗಿದೆ ಮೇಡಂ! ಈಗ ಹನ್ನೊಂದು ಸೇರಿಸಿದ್ರೆ ಮುಂದಿನ ನಾನೂರು ಪುಟ ಜರುಗುತ್ತೆ! ಸೇರಿಸಲೇಬೇಕಾ? ಹಾಗಾದ್ರೆ ಹನ್ನೊಂದು ಸಾಲು ತೆಗೀರಿ!”

“ಯಾವುದನ್ನ?”

“ಅದು ನಿಮಗೇ ಗೊತ್ತು! ಯಾರ ಪದವೋ ಅವರೇ ಹೇಳಬೇಕು!”

ಅಕ್ಕ ಕಾಗದದ ಸುರುಳಿಗಳ ಪಕ್ಕ ಒಂದು ಸ್ಟೂಲಿನ ಮೇಲೆ ಕೂತು, ಮಂಡಿಯ ಮೇಲೆ ಪುಟಗಳನ್ನಿಟ್ಟುಕೊಂಡು ಕೆಂಪು ಪೆನ್ಸಿಲ್ ಹಿಡಿದಳು. ‘ಪಾದರಕ್ಷೆ’, ‘ಪ್ರಥಮತಃ’ ಹೋಗುವುದು ಕಷ್ಟವಾಗಲಿಲ್ಲ. ‘ಪೀಡಿಸದಿರು’ ಹೋಯಿತು. ‘ಭಂಜಿಸು’ ಹೋಯಿತು, ‘ಶಕಲೀಕರಿಸು’ ಹೋಯಿತು. ಎಂಟನೆಯದಕ್ಕೆ ಬಂದಾಗ ಕೈ ನಿಂತಿತು. ಒಳ್ಳೆಯ ಸಾಲುಗಳು ಶುರುವಾಗಿದ್ದವು. ‘ಬ್ರೇಕ್ ಎ ಫಾಲ್’ ಎನ್ನುವುದಕ್ಕೆ, ಬಿದ್ದವನ ಪೆಟ್ಟನ್ನು ಹುಲ್ಲಿನ ಮೆದೆ ‘ನುಂಗಿತು’ ಎಂದು ಅವಳು ಒಂದು ಇಡೀ ವಾರ ಹುಡುಕಿ ಬರೆದಿದ್ದಳು. ಅದನ್ನು ಹೊಡೆದುಹಾಕಲು ಪೆನ್ಸಿಲ್ ಇಟ್ಟು, ತೆಗೆದು, ಮತ್ತೆ ಇಟ್ಟಳು. ಕೊನೆಗೆ ಅದನ್ನು ಉಳಿಸಿ ಅದರ ಕೆಳಗಿನ ನಾಲ್ಕನ್ನು ಹೊಡೆದಳು. ಹನ್ನೊಂದು ಎಣಿಸಿ ಕೊಡುವಾಗ ಯಾರೋ ತನ್ನ ಮೈಯಿಂದ ಹೊಲಿಗೆ ಬಿಚ್ಚಿದಂತಾಯಿತು.

ಸಂಜೆ ತಂಗಿಯ ಮನೆಗೆ ಹೋದಳು. ತಂಗಿ ಮಗಳ ಯೂನಿಫಾರಮ್ಮಿನ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಳು. ಹುಡುಗಿಯರಿಬ್ಬರೂ ಹೊರಗೆ ಆಡುತ್ತಿದ್ದರು. ಅಕ್ಕ ಕೂರದೆಯೇ ಹೇಳಿದಳು. ಹೇಳಿ ಮುಗಿಯುವವರೆಗೆ ಹೊಲಿಗೆ ಯಂತ್ರ ನಡೆಯುತ್ತಲೇ ಇತ್ತು. ಆಮೇಲೆ ನಿಂತಿತು.

“ಆರು ವಾರ ಹತ್ತಿರ ಆಯ್ತಲ್ಲ?” ಎಂದಳು ತಂಗಿ. ಈ ಸಲ ಅವಳು ನಗಲಿಲ್ಲ. “ಅಚ್ಚಿಗೆ ಬರಲಿಲ್ಲ ಅಂತ ಬೇಜಾರಿಲ್ಲ ನನಗೆ. ಕರಡು ನೋಡಿದ ದಿನದಿಂದ ನಾನು ನನ್ನನ್ನೇ ದಡ್ಡಿ ಅಂತ ಬೈಕೊಂಡೆ. ಆ ಚಪ್ಪಲಿ ಅಂಗಡಿ ಮುಂದೆ ಹೋಗೋಕೆ ನಾಚಿಕೆ ಆಗಿ, ಬೀದಿಯ ಆ ಕಡೆಯಿಂದ ಓಡಾಡಿದೆ. ನೀನು ಎದುರಿಗೇ ಕೂತು ನೋಡ್ತಿದ್ದೆ.”

“ಹೌದು.”

“ಚಿಕ್ಕವರಿದ್ದಾಗ ನೀನು ನನ್ನದೇನಾದ್ರೂ ಕಿತ್ಕೊಂಡ್ರೆ ಅಮ್ಮನಿಗೆ ಹೇಳ್ತಿದ್ದೆ. ಈಗ ಯಾರಿಗೆ ಹೇಳಲಿ ಹೇಳು?”

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. “ನನಗೆ ಹೊಟ್ಟೆಕಿಚ್ಚು ಕಣೇ. ಅದಕ್ಕೆ ಬೇರೆ ಯಾವ ಪದವೂ ಇಲ್ಲ ನನ್ನ ಹತ್ರ.”

“ನನಗೆ ಗೊತ್ತಿತ್ತು, ಹೊಟ್ಟೆಕಿಚ್ಚು ಅಂತ. ಕಳ್ಳಿ ಅಂತ ಗೊತ್ತಿರಲಿಲ್ಲ.” ತಂಗಿ ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿದಳು. “ಹೋಗು ನೀನು. ಮಕ್ಕಳು ಬರೋ ಹೊತ್ತು.”

ನಿಘಂಟಿನ ಆ ಸಂಪುಟ ಅಚ್ಚಾಯಿತು. ಹನ್ನೊಂದೂ ಅರ್ಥಗಳು ಅದರಲ್ಲಿದ್ದವು. ಸಂಪಾದಕರು ತಂಗಿಗೆ ನಕಲು ಬಿಡಿಸಿ, ಗೋಡೆಯ ಪಕ್ಕದ ಮೇಜು ಕೊಟ್ಟು, ಕೊನೆಯ ಸಂಪುಟದ ಒಂದು ಗಿಡ್ಡ ಪದವನ್ನೇ ಒಪ್ಪಿಸಿದರು. ‘ಟರ್ನ್’. ಅಕ್ಕನಿಗೆ ಬಂದದ್ದು ಅದೇ ಸಂಪುಟದ ಹುಲಿ, ಅರಿಸಿನ, ಆಮೆ ಎನ್ನುವಂಥ ಪದಗಳು. ಒಂದು ಸಾಲಿನಲ್ಲಿ ಮುಗಿಯುವಂಥವು. ಅವಳು ಕೇಳಲಿಲ್ಲ, ಅವರೂ ವಿವರಿಸಲಿಲ್ಲ. ಕಚೇರಿಯಲ್ಲಿ ತಂಗಿ ಅವಳನ್ನು “ಮೇಡಂ” ಎನ್ನುತ್ತಿದ್ದಳು. “ಮೇಡಂ, ಅಂಟು ಕೊಡಿ.” “ಮೇಡಂ, ಫ್ಯಾನು ಆರಿಸಲಾ?” ಮೊದಲ ಸಲ ಕೇಳಿದಾಗ ಲೆಕ್ಕಪತ್ರದವಳು ತಮಾಷೆಯೆಂದು ನಕ್ಕಳು. ಎರಡು ತಿಂಗಳಾದ ಮೇಲೆ ಅವಳೂ ನಗುವುದನ್ನು ಬಿಟ್ಟಳು. ಎಲ್ಲರೂ ಅಕ್ಕ ಎನ್ನುವ ಆ ಕೋಣೆಯಲ್ಲಿ, ಹಾಗೆನ್ನಬೇಕಾದವಳೊಬ್ಬಳು ಮಾತ್ರ ಎನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಂಗಿ ತನ್ನಷ್ಟಕ್ಕೆ ಗೊಣಗುತ್ತಿದ್ದಳು. “ಟರ್ನ್ಡ್ ಲೆಗ್ಸ್... ಮೇಜಿನ ತಿರುಗಿಸಿದ ಕಾಲುಗಳು... ತಿರುಗಿದ ಕಾಲುಗಳು... ಏನು ಮೇಜೋ, ಕಾಲು ಉಳುಕಿದೆಯೋ!” ಎರಡು ಕಾರ್ಡು ಬರೆದು ಹೊಡೆದುಹಾಕಿದಳು. ಮೂರನೆಯದರಲ್ಲಿ ‘ತಿರುಗಿಸಿದ ಕಾಲು’ ಎಂದೇ ಬರೆದು ಸಂಪಾದಕರ ಮೇಜಿನ ಟ್ರೇಗೆ ಹಾಕಲು ಎದ್ದಳು.

ಅಕ್ಕನಿಗೆ ಆ ಪದ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ತಂಗಿ ಹೋಗಿ ಟ್ರೇಯಲ್ಲಿ ಹಾಕಲಿ, ಅವರು ಓದಲಿ, ಒಂದು ಸಲವಾದರೂ ಅವರ ಕಣ್ಣು ದೊಡ್ಡದಾಗಿ ತೆರೆಯಲಿ ಎಂದು ಒಳಗೊಂದು ದನಿ ಹೇಳಿತು. ಆ ದನಿಗೆ ಏನೂ ವಯಸ್ಸಾಗಿರಲಿಲ್ಲ. ತಂಗಿ ಅರ್ಧ ಕೋಣೆ ದಾಟಿದ್ದಳು.

“ಕಡೆದ ಕಾಲು” ಎಂದಳು ಅಕ್ಕ.

ತಂಗಿ ತಿರುಗಿದಳು. “ಏನು?”

“ಬಡಗಿ ಮರಾನ ಯಂತ್ರಕ್ಕೆ ಕೊಟ್ಟು ಗುಂಡಗೆ ಮಾಡ್ತಾನಲ್ಲ. ಅದು ಕಡೆಯೋದು. ಕಡೆದ ಕಂಬ, ಕಡೆದ ಕಾಲು.”

“ಕಡೆಯೋದು ಮೊಸರನ್ನಲ್ವಾ?”

“ಅದನ್ನೂ ಕಡೀತಾರೆ. ಇದನ್ನೂ ಕಡೀತಾರೆ.”

ತಂಗಿ ಕಾರ್ಡು ನೋಡಿದಳು. ಗೋಡೆಗೆ ಒತ್ತಿ ಹಿಡಿದು ‘ತಿರುಗಿಸಿದ’ ಎನ್ನುವುದನ್ನು ಹೊಡೆದು, ಮೇಲೆ ‘ಕಡೆದ’ ಎಂದು ಬರೆದಳು. ಥ್ಯಾಂಕ್ಸ್ ಹೇಳಲಿಲ್ಲ. ಸಂಪಾದಕರ ಕೋಣೆಗೆ ಹೋದಳು. ತೆರೆದ ಬಾಗಿಲಿನಿಂದ “ಆಹಾ!” ಎನ್ನುವುದು ಸ್ಪಷ್ಟವಾಗಿ ಕೇಳಿಸಿತು. ಅಕ್ಕನಿಗೆ ಎದೆಯ ಕೆಳಗೆ ಹಳೆಯ ಜಾಗದಲ್ಲೇ ಚುರ್ರೆಂದಿತು.

ತಂಗಿ ಹೊರಗೆ ಬಂದು ತನ್ನ ಮೇಜಿಗೆ ಹೋಗದೆ ಅಕ್ಕನ ಮೇಜಿನ ಬಳಿ ನಿಂತಳು.

“ನೀನು ಹೇಳಿದ್ದು ಅಂತ ಹೇಳಿದೆ” ಎಂದಳು. ಆಮೇಲೆ ಕುರ್ಚಿ ಎಳೆದುಕೊಂಡು, ಇನ್ನೂ ಬಿಗಿದೇ ಇದ್ದ ಮುಖದಲ್ಲಿ, ಒಂದು ಹಿಡಿ ಕಾರ್ಡುಗಳನ್ನು ಮುಂದೆ ಹರಡಿದಳು. “ಇನ್ನೂ ಆರು ಸಿಕ್ಕಾಕೊಂಡಿವೆ. ನೋಡ್ತೀಯಾ ಅಕ್ಕಾ?”

ಅಕ್ಕ ಆಮೆಯ ಕಾರ್ಡನ್ನು ಪಕ್ಕಕ್ಕೆ ಸರಿಸಿ ಮೊದಲನೆಯದನ್ನು ಎತ್ತಿಕೊಂಡಳು.